ಜುಲೈ 6 ಹೋಗಿ ಜೂನ್ 7 ಆಗಿದ್ದು ಹೇಗೆ: ಒಂದು ಗೊಬ್ಬರದ ಅಂಗಡಿಯ ಉದ್ರಿ ಲೆಕ್ಕ

“ತಮ್ಮಾ, ಜೂನ್ ಏಳಕ್ಕೆ ನಾನು ಡಿಎಪಿ ಒಯ್ದೆ ಅಂತ ಬರದೈತಲ್ಲ, ಅವತ್ತು ನಮ್ಮೂರಾಗೆ ಒಂದು ಹನಿ ಬಿದ್ದಿರಲಿಲ್ಲ. ಒಣಾ ಹೊಲಕ್ಕೆ ಗೊಬ್ಬರ ಹಾಕಿ ಏನ್ ಮಾಡ್ಲಿ?”

2024ರ ಜನವರಿ, ಸಂಕ್ರಾಂತಿ ಆಗಿ ನಾಲ್ಕೈದು ದಿನ. ದಾವಣಗೆರೆಯ ಎಪಿಎಂಸಿ ಹತ್ತಿರ ಒಂದು ಗೊಬ್ಬರ, ಬೀಜದ ಅಂಗಡಿ. ಹೀಗೆ ಕೇಳಿದವರು ಜಗಳೂರು ಕಡೆಯ ರೈತರು, ಅರವತ್ತು ದಾಟಿದವರು. ಮೆಕ್ಕೆಜೋಳ ಮಾರಿ ಉದ್ರಿ ತೀರಿಸೋಕೆ ಬಂದಿದ್ದರು. ಹತ್ತು ಚೀಲ ಡಿಎಪಿ, ಚೀಲಕ್ಕೆ 1,350ರಂತೆ 13,500 ರೂಪಾಯಿ. ಬೀಜಕ್ಕೆ 4,500. ಒಟ್ಟು 18,000. ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ದಿನದ ಲೆಕ್ಕದಲ್ಲಿ. ಕಂಪ್ಯೂಟರ್ ಜೂನ್ 7ರಿಂದ ಬಡ್ಡಿ ಹಾಕಿತ್ತು.

ಆ ಕಂಪ್ಯೂಟರಿನ ಒಳಗಿನ ಲೆಕ್ಕ ಬರೆದವನು ನಾನೇ. ಅವತ್ತು ಪ್ರಿಂಟರ್ ಸರಿ ಮಾಡೋಕೆ ಅಂತ ಹೋಗಿ ಅಲ್ಲೇ ಕೂತಿದ್ದೆ. ಸಾಹುಕಾರ್ರು ನನ್ನ ಮುಖ ನೋಡಿದರು. ನಾನು ಭಾರಿ ಧೈರ್ಯದಿಂದ ಹೇಳಿದೆ, “ಯಜಮಾನ್ರೆ, ಎರಡು ಕಡೆ ತಾಳೆ ನೋಡೀನಿ. ಅಂಗಡಿ ಬಿಲ್ಲಿನಾಗೂ ಜೂನ್ 7, ಸಣ್ಣ ಸಾಹುಕಾರ್ರ ಮೊಬೈಲಿನಾಗೂ ಜೂನ್ 7.”

ಅವರು ಅಂಗಿಯ ಒಳಜೇಬಿನಿಂದ ಒಂದು ಚೀಟಿ ತೆಗೆದರು. ನಾಲ್ಕು ಮಡಿಕೆ ಮಾಡಿದ್ದು, ಬೆವರಿಗೆ ಅಂಚು ಮೆತ್ತಗಾಗಿತ್ತು. ಅದರ ಮೇಲೆ ಅಂಗಡಿ ಗುಮಾಸ್ತರ ಕೈಬರಹ: ೬-೭-೨೩. “ಆರಿದ್ರಾ ಮುಗಿದು ಪುನರ್ವಸು ಶುರುವಾಗೋ ದಿನ ಬಂದಿದ್ದೆ. ಮೃಗಶಿರ ಮಳೀಗೆ ನಾವು ಬಿತ್ತೇ ಇಲ್ಲ ಈ ವರ್ಷ.”

ಮಳೆ ನಕ್ಷತ್ರದ ಲೆಕ್ಕ ನನಗೆ ಅಷ್ಟು ಬರಲ್ಲ. ಆದರೆ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಬರೆದಿರುತ್ತಲ್ಲ: ಮೃಗಶಿರ ಜೂನ್ 8ರ ಆಸುಪಾಸು, ಪುನರ್ವಸು ಜುಲೈ 6ರ ಆಸುಪಾಸು. 2023ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟಿದ್ದೇ ಜೂನ್ 8ಕ್ಕೆ. ಜೂನ್ 7ರಂದು ಜಗಳೂರಿನವರು ಬಿತ್ತನೆಗೆ ಅಂತ ಡಿಎಪಿ ಒಯ್ದರು ಅಂದರೆ ಯಾರೂ ನಂಬಲ್ಲ. 29 ದಿನದ ಬಡ್ಡಿ ಜಾಸ್ತಿ ಆಗಿತ್ತು, 348 ರೂಪಾಯಿ. ಸಾಹುಕಾರ್ರು ಅಲ್ಲೇ ಕಳೆದು ಕಳಿಸಿದರು. ರೈತರು ಹೋದ ಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು: “ಇಂಥಾವು ಇನ್ನೆಷ್ಟದಾವಪಾ?”

ಉತ್ತರ ನನ್ನ ಹತ್ತಿರ ಇರಲಿಲ್ಲ. ಅದನ್ನು ಹುಡುಕೋಕೆ ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಏನೇನಾಯಿತು, ಅದರಲ್ಲಿ ನನ್ನ ತಪ್ಪು ಎಷ್ಟು ಅಂತ ಬರೆದಿಡುತ್ತಿದ್ದೇನೆ. ಹಳೆ ಲೆಕ್ಕವನ್ನು ಹೊಸ ಸಾಫ್ಟ್‌ವೇರಿಗೆ ಹಾಕೋ ಕೆಲಸ ಮಾಡುವ ಯಾರಿಗಾದರೂ ಉಪಯೋಗ ಆಗಬಹುದು.

ಲೆಕ್ಕ ಎಲ್ಲೆಲ್ಲಿಂದ ಬಂತು

2023ರ ನವೆಂಬರಿನಲ್ಲಿ ಅಂಗಡಿಯವರು ಹಳೆ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಬಂದರು. ಹಳೇದರಿಂದ ಒಂದು ಸಿಎಸ್‌ವಿ ಫೈಲ್ ಬಂತು, ಅಂದರೆ ಬರೀ ಅಕ್ಷರದಲ್ಲಿ ಅಲ್ಪವಿರಾಮ ಹಾಕಿ ಬೇರೆ ಮಾಡಿದ ಪಟ್ಟಿ. ಸಣ್ಣ ಸಾಹುಕಾರ್ರು ಅಂದರೆ ಮಗ, ಕೌಂಟರಿನಲ್ಲಿ ಕೂತು ಉದ್ರಿಯನ್ನು ಒಂದು ಮೊಬೈಲ್ ಆ್ಯಪ್‌ನಲ್ಲಿ ಬೇರೆ ಬರೆದುಕೊಳ್ಳುತ್ತಿದ್ದರು, ಅದರದ್ದು ಇನ್ನೊಂದು ಫೈಲ್. ಮೂರನೇದು ಗುಮಾಸ್ತರ ಉದ್ರಿ ಪುಸ್ತಕ, ಕೆಂಪು ಬಟ್ಟೆಯ ರಟ್ಟಿನದು, ಅದನ್ನು ಒಬ್ಬ ಕಾಲೇಜು ಹುಡುಗಿ ಕೂತು ಟೈಪ್ ಮಾಡಿದಳು. ಎಲ್ಲಾ ಸೇರಿ ಸುಮಾರು ಹನ್ನೊಂದು ಸಾವಿರ ಸಾಲು. ಇವನ್ನೆಲ್ಲ ಒಂದೇ ಪಟ್ಟಿಗೆ ತರೋ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮ್, ನಾನು ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಬರೆದೆ.

ಸ್ಕ್ರಿಪ್ಟಿನಲ್ಲಿ ದಿನಾಂಕ ಓದೋಕೆ ಒಂದೇ ಒಂದು ಫಂಕ್ಷನ್, ಅಂದರೆ ಆ ಒಂದು ಕೆಲಸ ಮಾಡುವ ಕೋಡಿನ ತುಂಡು. ಏನು ಕೊಟ್ಟರೂ ದಿನಾಂಕ ವಾಪಸ್ ಕೊಡಬೇಕು, ಎಲ್ಲೂ ನಿಲ್ಲಬಾರದು. ಆವಾಗ ಅದು ದೊಡ್ಡ ಜಾಣತನ ಅನಿಸಿತ್ತು. ಡೇಟ್‌ಯುಟಿಲ್ ಅಂತ ಒಂದು ಲೈಬ್ರರಿ ಇದೆ, ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಪೈಥಾನ್ ಬಳಸುವವರಿಗೆಲ್ಲ ಗೊತ್ತು. ಯಾವ ರೂಪದಲ್ಲಿ ಬರೆದರೂ ಊಹೆ ಮಾಡಿ ದಿನಾಂಕ ತೆಗೆದು ಕೊಡುತ್ತದೆ. ಅದು ಮೊದಲಿಗೆ ಅಮೆರಿಕದ ಕ್ರಮ ಹಿಡಿಯುತ್ತದೆ, ತಿಂಗಳು ಮೊದಲು, ದಿನ ಆಮೇಲೆ. ಅದಕ್ಕೇ ‘ಡೇಫಸ್ಟ್’ ಅನ್ನೋ ಸ್ವಿಚ್ ಹಾಕಿದೆ, ಅಂದರೆ ದಿನವೇ ಮೊದಲು ಅಂತ. ಇಷ್ಟು ಮಾಡಿದರೆ ಭಾರತದ ದಿನಾಂಕಕ್ಕೆಲ್ಲ ಸಾಕು ಅಂದುಕೊಂಡೆ.

ಮೊದಲನೇ ಓಟದಲ್ಲೇ ಕೆಲವು ತಪ್ಪು ಸಿಕ್ಕವು. ಮೊಬೈಲ್ ಆ್ಯಪ್‌ನಲ್ಲಿ ದಿನಾಂಕ ಖಾಲಿ ಬಿಟ್ಟ ಕಡೆ ಸೊನ್ನೆ ಇತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಸೊನ್ನೆ ಅಂದರೆ 1970ರ ಜನವರಿ 1, ಗ್ರೀನ್‌ವಿಚ್ ಮಧ್ಯರಾತ್ರಿ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಐದೂವರೆ. ಒಬ್ಬರ 2,000 ರೂಪಾಯಿ ಉದ್ರಿಗೆ ಸುಮಾರು ಐವತ್ತನಾಲ್ಕು ವರ್ಷದ ಬಡ್ಡಿ ಬಿದ್ದು ಅದೇ ಇಪ್ಪತ್ತೈದು ಸಾವಿರ ದಾಟಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕೆವು, ಸರಿ ಮಾಡಿದೆ. ಅದೇ ಆ್ಯಪ್‌ನ ಇನ್ನೊಂದು ಕಾಲಂನಲ್ಲಿ 13 ಅಂಕಿಯ ಸಂಖ್ಯೆಗಳಿದ್ದವು. ಅವು ಮಿಲಿಸೆಕೆಂಡು. ಸೆಕೆಂಡು ಅಂದುಕೊಂಡು ಓದಿದರೆ ಇಸವಿ ಐವತ್ತೈದು ಸಾವಿರದ ಹತ್ತಿರ ಹೋಗುತ್ತದೆ, ಪೈಥಾನ್ ಅಲ್ಲೇ ಎರರ್ ಕೊಟ್ಟು ನಿಂತಿತು. ದಿನಾಂಕದ ಕಾಲಂ ಬೇರೆ ಇದೆಯಲ್ಲ ಅಂತ ಆ ಕಾಲಂ ಬಿಟ್ಟೇಬಿಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗಿರಾಕಿಗಳ ಹುಟ್ಟಿದ ದಿನದ ಕಾಲಂನಲ್ಲಿ ‘1-6-65’ ಅಂತ ಬಹಳ ಜನರದ್ದು ಇತ್ತು. ಜೂನ್ 1. ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೇ ಅಲ್ವಾ, ಶಾಲೆಗೆ ಸೇರಿಸಿಕೊಂಡ ಮೇಷ್ಟ್ರ ಕೃಪೆ! ಎಕ್ಸೆಲ್ 65 ಅನ್ನು 1965 ಅಂತ ಓದುತ್ತದೆ. ಪೈಥಾನಿನಲ್ಲೇ ಇರುವ ದಿನಾಂಕ ಓದುವ ಫಂಕ್ಷನ್ ಸ್ಟ್ರಪ್‌ಟೈಮ್ 00ರಿಂದ 68ರವರೆಗೆ ಎರಡು ಸಾವಿರದ ಮೇಲೆ ಹಾಕುತ್ತದೆ, 69ರಿಂದ 99ರವರೆಗೆ ಸಾವಿರದ ಒಂಬೈನೂರಕ್ಕೆ. ಹಾಗಾಗಿ 2065ರಲ್ಲಿ ಹುಟ್ಟುವ ರೈತರು ಈಗಲೇ ಯೂರಿಯಾ ಒಯ್ದಿದ್ದರು. ಇದೂ ಕಣ್ಣಿಗೆ ಹೊಡೆಯೋ ತಪ್ಪು, ಹತ್ತು ನಿಮಿಷದಲ್ಲಿ ಹೋಯಿತು.

ಹೀಗೆ ಐದಾರು ವಿಚಿತ್ರ ತಪ್ಪು ಹಿಡಿದ ಮೇಲೆ ನನಗೆ ಎಲ್ಲಾ ಸರಿ ಆಯ್ತು ಅನ್ನೋ ಭಾವನೆ ಬಂತು. ಅಲ್ಲೇ ಎಡವಿದ್ದು. 1970 ಅಂತ ಬಂದರೆ ಯಾರಿಗಾದರೂ ಕಾಣುತ್ತದೆ. ಜುಲೈ 6ರ ಜಾಗದಲ್ಲಿ ಜೂನ್ 7 ಬಂದರೆ ಯಾರಿಗೆ ಕಾಣಬೇಕು? ಅದನ್ನು ಹಿಡಿಯೋಕೆ ಅವತ್ತು ಮಳೆ ಇತ್ತೋ ಇಲ್ಲವೋ ಅಂತ ನೆನಪಿರುವ ಮನುಷ್ಯನೇ ಬೇಕಾಯಿತು.

ಇನ್ನೊಂದು ಸುಳಿವು ಸಿಕ್ಕಿತ್ತು, ನಾನೇ ಮುಚ್ಚಿದ್ದೆ. ನವೆಂಬರಿನಲ್ಲಿ ಮೊದಲ ಸಲ ಬಡ್ಡಿ ಲೆಕ್ಕ ಹಾಕಿದಾಗ ಕೆಲವು ಸಾಲಿನಲ್ಲಿ ಬಡ್ಡಿ ಮೈನಸ್ ಬಂದಿತ್ತು. ಅಂದರೆ ಬಿಲ್ಲಿನ ದಿನಾಂಕ ಇನ್ನೂ ಬಂದೇ ಇರಲಿಲ್ಲ. ಒಂದು ಬಿಲ್ ಡಿಸೆಂಬರ್ 1ರದ್ದು ಅಂತ ತೋರಿಸುತ್ತಿತ್ತು, ನಾವಿದ್ದದ್ದು ನವೆಂಬರಿನಲ್ಲಿ. ಅದು ನಿಜಕ್ಕೂ ಜನವರಿ 12ರ ಬಿಲ್ಲು. ನಾನೇನು ಮಾಡಿದೆ? ‘ಮೈನಸ್ ಬಂದರೆ ಸೊನ್ನೆ ಅಂತ ತಗೋ’ ಅಂತ ಒಂದು ಸಾಲು ಸೇರಿಸಿ ಬೆಣ್ಣೆದೋಸೆ ತಿನ್ನೋಕೆ ಹೋದೆ. ಈಗಲೂ ಆ ಸಾಲು ನೆನಪಾದರೆ ನಾಚಿಕೆ ಆಗುತ್ತದೆ.

ಎರಡು ತಪ್ಪು, ಒಂದೇ ಉತ್ತರ

ಮೊದಲು ಅಂಗಡಿ ಬಿಲ್ಲಿನ ಫೈಲ್. ಹಳೆ ಸಾಫ್ಟ್‌ವೇರ್ ಕೊಟ್ಟ ಸಿಎಸ್‌ವಿಯಲ್ಲಿ ದಿನಾಂಕ ದಿನ/ತಿಂಗಳು/ವರ್ಷ ಅಂತಾನೇ ಇತ್ತು, 06/07/2023. ಗುಮಾಸ್ತರು ಅದನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್‌ನಲ್ಲಿ ತೆರೆದರು, ಕಾಲಂ ಅಗಲ ಮಾಡಿದರು, ಎಕ್ಸೆಲ್ ಫೈಲಾಗಿ ಸೇವ್ ಮಾಡಿ ನನಗೆ ಕಳಿಸಿದರು. ಅವರ ತಪ್ಪೇನೂ ಇಲ್ಲ, ಯಾರಾದರೂ ಹಾಗೇ ಮಾಡೋದು. ಆದರೆ ಲ್ಯಾಪ್‌ಟಾಪಿನ ವಿಂಡೋಸ್‌ನಲ್ಲಿ ಪ್ರದೇಶ ಅಂತ ಇರುತ್ತಲ್ಲ, ಅದು ಅಮೆರಿಕ ಅಂತ ಇತ್ತು. ಲ್ಯಾಪ್‌ಟಾಪ್ ಕೊಂಡು ತಂದಾಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಆಗ ಎಕ್ಸೆಲ್ ಏನು ಮಾಡುತ್ತದೆ ಗೊತ್ತಾ? 06/07/2023 ಕಂಡರೆ ಆರನೇ ತಿಂಗಳು ಏಳನೇ ದಿನ ಅಂತ ತಿಳಿದು ಜೂನ್ 7 ಅಂತ ನಿಜವಾದ ದಿನಾಂಕವಾಗಿ ಬದಲಿಸಿ ಇಡುತ್ತದೆ. 25/07/2023 ಕಂಡರೆ ಇಪ್ಪತ್ತೈದನೇ ತಿಂಗಳು ಅಂತ ಇಲ್ಲವಲ್ಲ, ಸುಮ್ನೆ ಅಕ್ಷರವಾಗಿ ಹಾಗೇ ಬಿಟ್ಟುಬಿಡುತ್ತದೆ. ದೂರು ಹೇಳಲ್ಲ, ಎಚ್ಚರಿಕೆ ಕೊಡಲ್ಲ. ಒಂದೇ ಕಾಲಂನಲ್ಲಿ ಅರ್ಧ ದಿನಾಂಕ, ಅರ್ಧ ಅಕ್ಷರ.

ನನ್ನ ಸ್ಕ್ರಿಪ್ಟು ಅದಕ್ಕೆ ತಕ್ಕ ಹಾಗೆ ನಡೆದುಕೊಂಡಿತು. ದಿನಾಂಕವಾಗಿ ಬಂದದ್ದನ್ನು ‘ಆಗಲೇ ಸರಿ ಇದೆ’ ಅಂತ ಹಾಗೇ ತಗೊಂಡಿತು. ಅಕ್ಷರವಾಗಿ ಬಂದದ್ದನ್ನು ದಿನ ಮೊದಲು ಅಂತ ಸರಿಯಾಗಿ ಓದಿತು. ಹಾಗಾಗಿ 13ರಿಂದ 31ನೇ ತಾರೀಖಿನ ಬಿಲ್ಲು ಎಲ್ಲಾ ಸರಿ, 1ರಿಂದ 12ನೇ ತಾರೀಖಿನವು ತಲೆಕೆಳಗು. ವರ್ಷಕ್ಕೆ ಹನ್ನೆರಡು ತಿಂಗಳು, ತಿಂಗಳಿಗೆ ಹನ್ನೆರಡು ಇಂಥ ದಿನ, ಒಟ್ಟು 144. ಅದರಲ್ಲಿ ಜೂನ್ 6, ಜುಲೈ 7 ಥರ ದಿನವೂ ತಿಂಗಳೂ ಒಂದೇ ಆಗಿರೋ 12 ಮಾತ್ರ ತಲೆಕೆಳಗಾದರೂ ಅದೇ ಆಗಿರುತ್ತವೆ. ಉಳಿದ 132 ದಿನದ ಬಿಲ್ಲುಗಳು ತಪ್ಪು ತಿಂಗಳಿಗೆ ಹೋಗಿ ಕೂತವು. ನಾನು ಪರೀಕ್ಷೆಗೆ ಅಂತ ಹತ್ತು ಬಿಲ್ಲು ತೆಗೆದು ನೋಡಿದ್ದೆ, ಎಲ್ಲವೂ ತಿಂಗಳ ಕೊನೆಯವು. ನನ್ನ ಗ್ರಹಚಾರ.

ಸರಿ, ಬಿಲ್ಲಿನ ಫೈಲ್ ಕೆಟ್ಟಿತು. ಮೊಬೈಲಿನದು ಯಾಕೆ ಜೂನ್ 7 ಅಂದಿತು? ಅದನ್ನು ಗುಮಾಸ್ತರು ಮುಟ್ಟಿಲ್ಲ, ಎಕ್ಸೆಲ್ ಮುಟ್ಟಿಲ್ಲ. ನನಗೆ ತಲೆ ಕೆಟ್ಟಿದ್ದು ಇಲ್ಲೇ. ಎರಡು ಬೇರೆ ಬೇರೆ ಕಡೆಯಿಂದ ಬಂದ ಲೆಕ್ಕ ತಾಳೆ ಆಗುತ್ತಿದೆ ಅಂದರೆ ಸರಿ ಅಂತಾನೇ ತಾನೇ ಅರ್ಥ? ರೈತರ ಎದುರಿಗೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದೂ ಅದೇ ಧೈರ್ಯದ ಮೇಲೆ.

ಫೈಲ್ ತೆರೆದು ಕಣ್ಣಿಂದ ನೋಡಿದೆ. ಅಲ್ಲಿ ಚೊಕ್ಕವಾಗಿ 2023-07-06 ಅಂತ ಇತ್ತು. ವರ್ಷ, ತಿಂಗಳು, ದಿನ. ಇದು ಐಎಸ್ಒ 8601 ಅನ್ನೋ ಮಾನದಂಡ, 1988ರಿಂದ ಇದೆ. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ ಅಂತ ನಾನು ನಾಲ್ಕು ಜನಕ್ಕೆ ಪಾಠ ಹೇಳಿದವನು. ಆದರೆ ಡೇಟ್‌ಯುಟಿಲ್‌ಗೆ ನಾನು ಡೇಫಸ್ಟ್ ಸ್ವಿಚ್ ಹಾಕಿದ್ದೆನಲ್ಲ, ಅದು ಈ ರೂಪಕ್ಕೂ ತಾಗುತ್ತದೆ. ವರ್ಷ ಮುಂದೆ ಬಂದಾಗ ಉಳಿದ ಎರಡರಲ್ಲಿ ದಿನ ಮೊದಲು ಅಂತ ತಿಳಿದು, ಕೊನೆಯ ಸಂಖ್ಯೆ 12ರ ಒಳಗಿದ್ದರೆ 2023, 7ನೇ ದಿನ, 6ನೇ ತಿಂಗಳು ಅಂತ ಓದುತ್ತದೆ. ಜೂನ್ 7! ಕೊನೆಯ ಸಂಖ್ಯೆ 12 ದಾಟಿದರೆ ಮತ್ತೆ ಸರಿಯಾಗಿ ಓದುತ್ತದೆ. ಅಂದರೆ ಎಕ್ಸೆಲ್ ಯಾವ 132 ದಿನ ಕೆಡಿಸಿತ್ತೋ ಅದೇ 132 ದಿನವನ್ನು ಇದೂ ಕೆಡಿಸಿತು, ಅದೇ ಥರ. ಒಂದು ಕಡೆ ಅಮೆರಿಕದ ಕ್ರಮ ಕೆಡಿಸಿತು, ಇನ್ನೊಂದು ಕಡೆ ಅದನ್ನು ತಪ್ಪಿಸೋಕೆ ಅಂತ ನಾನು ಹಾಕಿದ ಸ್ವಿಚ್ಚೇ ಕೆಡಿಸಿತು. ಎರಡೂ ತಾಳೆ ಆಗದೆ ಇನ್ನೇನು.

ಬಿಟ್ಟಿದ್ದ 13 ಅಂಕಿಯ ಕಾಲಂ ಆಗ ನೆನಪಾಯಿತು. ಆ ರೈತರ ಸಾಲಿನಲ್ಲಿ 1688622000000. ಸಾವಿರದಿಂದ ಭಾಗಿಸಿ, ಐದೂವರೆ ಗಂಟೆ ಕೂಡಿಸಿ ನೋಡಿದರೆ 2023ರ ಜುಲೈ 6, ಬೆಳಗ್ಗೆ 11 ಗಂಟೆ 10 ನಿಮಿಷ. ಸಣ್ಣ ಸಾಹುಕಾರ್ರು ಮೊಬೈಲಿನಲ್ಲಿ ಆ ಉದ್ರಿ ಒತ್ತಿದ ಗಳಿಗೆ. ಮನುಷ್ಯರು ಓದೋಕೆ ಬರೆದ ದಿನಾಂಕಕ್ಕಿಂತ ಯಾರೂ ಓದದ ಸಂಖ್ಯೆಯೇ ನೆಟ್ಟಗಿತ್ತು. ಅದನ್ನು ಹಿಡಿದು ಮೊಬೈಲಿನ ಇಡೀ ಫೈಲು ಒಂದು ಸಂಜೆಯಲ್ಲಿ ಸರಿ ಆಯಿತು.

ಬಿಲ್ಲಿನ ಫೈಲು ಸರಿ ಮಾಡಿದ್ದು

ಮೂಲ ಸಿಎಸ್‌ವಿ ಸಿಕ್ಕಿದ್ದರೆ ಎರಡು ನಿಮಿಷದ ಕೆಲಸ. ಆದರೆ ಅದನ್ನು ಅಳಿಸಿ ಆಗಿತ್ತು, ಹಳೆ ಕಂಪ್ಯೂಟರ್ ಗುಜರಿಗೆ ಹೋಗಿ ಆಗಿತ್ತು. ನನ್ನ ಹತ್ತಿರ ಇದ್ದದ್ದು ಗುಮಾಸ್ತರು ಕಳಿಸಿದ ಎಕ್ಸೆಲ್ ಫೈಲ್ ಒಂದೇ.

ಅದನ್ನು ತೆರೆದು ದಿನಾಂಕದ ಕಾಲಂ ಅಗಲ ಮಾಡಿ ನೋಡಿದರೆ ಸಾಕು, ಪೂರ್ತಿ ಕಥೆ ಕಾಣುತ್ತಿತ್ತು. ಎಕ್ಸೆಲ್‌ನಲ್ಲಿ ನಿಜವಾದ ದಿನಾಂಕ ಬಲಕ್ಕೆ ಒತ್ತಿ ನಿಲ್ಲುತ್ತದೆ, ಅಕ್ಷರ ಎಡಕ್ಕೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ ಕೆಲವು ಬಲಕ್ಕೆ ಇದ್ದರೆ ಅಲ್ಲೇ ಕೈ ಕಟ್ಟಿ ನಿಲ್ಲಬೇಕು. ನಾನು ನವೆಂಬರಿನಲ್ಲಿ ಫೈಲ್ ತೆರೆಯದೆ ನೇರ ಸ್ಕ್ರಿಪ್ಟಿಗೆ ಕೊಟ್ಟಿದ್ದೆ. ಈಗ ಬಲಕ್ಕಿದ್ದ ದಿನಾಂಕಗಳನ್ನಷ್ಟೇ ತೆಗೆದು ಅವುಗಳ ತಾರೀಖು ಎಣಿಸಿದೆ. 1ರಿಂದ 12ರವರೆಗೆ ರಾಶಿ ರಾಶಿ, 13ರಿಂದ 31ರವರೆಗೆ ಕೈಬೆರಳೆಣಿಕೆಯಷ್ಟು. ಯಾವ ಗೊಬ್ಬರದ ಅಂಗಡಿ ತಿಂಗಳಿಗೆ ಹನ್ನೆರಡೇ ದಿನ ವ್ಯಾಪಾರ ಮಾಡುತ್ತದೆ?

ಆ ಕೈಬೆರಳೆಣಿಕೆ ಯಾಕೆ ಇದ್ದವು ಅನ್ನೋದು ಮುಖ್ಯ. ಎಲ್ಲವನ್ನೂ ತಿರುಗಿಸಿ ಹಾಕಿಬಿಡೋಣ ಅಂತ ಕೈ ತುರಿಸುತ್ತಿತ್ತು, ಒಂದು ಸಾಲಿನ ಕೋಡು. ಗುಮಾಸ್ತರನ್ನು ಕೇಳಿದೆ. “ಅಜ್ಜಾರೆ, ಈ ಫೈಲಿನಾಗೆ ನೀವು ಕೈಯಿಂದ ಏನಾದ್ರೂ ತಿದ್ದಿದ್ರಾ?” ಅವರು ಸ್ವಲ್ಪ ಯೋಚನೆ ಮಾಡಿ, “ಕೆಲವು ಬಿಲ್ಲಿಗೆ ತಾರೀಖು ಇರಲಿಲ್ಲ, ಅವಕ್ಕೆ ನಾನೇ ಹೊಡದೆ. ಜುಲೈ ಅಂತ ಅಕ್ಷರದಾಗೆ ಹೊಡದೆ, ಗೊಂದಲ ಆಗಬಾರದು ಅಂತ” ಅಂದರು. ಎಷ್ಟು ಜಾಣ ಮನುಷ್ಯ ನೋಡಿ. ಅವರು ತಿಂಗಳ ಹೆಸರು ಹೊಡೆದ ಕಡೆಯೆಲ್ಲ ದಿನಾಂಕ ಸರಿ ಇತ್ತು. ನಾನು ಎಲ್ಲವನ್ನೂ ತಿರುಗಿಸಿದ್ದರೆ ಅವು ಕೆಡುತ್ತಿದ್ದವು.

ಅದೃಷ್ಟಕ್ಕೆ ಎಕ್ಸೆಲ್ ಈ ವ್ಯತ್ಯಾಸ ನೆನಪಿಟ್ಟಿರುತ್ತದೆ. ತಾನಾಗಿ ಬದಲಿಸಿದ ದಿನಾಂಕಕ್ಕೆ ಒಂದು ಥರದ ಫಾರ್ಮ್ಯಾಟ್ ಹಚ್ಚುತ್ತದೆ, ತಿಂಗಳ ಹೆಸರು ಹೊಡೆದದ್ದಕ್ಕೆ ಇನ್ನೊಂದು ಥರದ್ದು. ಸೆಲ್ಲಿನ ಫಾರ್ಮ್ಯಾಟ್ ಓದಿ ಎರಡನ್ನೂ ಬೇರೆ ಮಾಡಿದೆ. ಎಲ್ಲೋ ಕೆಲವು ಕಡೆ ಫಾರ್ಮ್ಯಾಟ್ ಅಳಿಸಿ ಹೋಗಿ ಬರೀ 45113 ಥರದ ಸಂಖ್ಯೆ ಉಳಿದಿತ್ತು. ಎಕ್ಸೆಲ್ ಒಳಗೆ ದಿನಾಂಕ ಅಂದರೆ ದಿನದ ಎಣಿಕೆ ಅಷ್ಟೇ, 1900ರ ಜನವರಿ 1 ಅಂದರೆ 1. 45113 ಅಂದರೆ 2023ರ ಜುಲೈ 6, 45084 ಅಂದರೆ ಜೂನ್ 7. ಲೆಕ್ಕ ಹಾಕುವಾಗ ಮಾತ್ರ 1899ರ ಡಿಸೆಂಬರ್ 30ರಿಂದ ಎಣಿಸಬೇಕು. ಯಾಕಂದರೆ 1900ರ ಫೆಬ್ರವರಿಗೆ 29 ದಿನ ಇತ್ತು ಅಂತ ಎಕ್ಸೆಲ್ ನಂಬಿದೆ. ಇರಲಿಲ್ಲ. ಲೋಟಸ್ 1-2-3 ಅನ್ನೋ ಹಳೆ ಸಾಫ್ಟ್‌ವೇರಿನಲ್ಲಿದ್ದ ತಪ್ಪನ್ನು ಹೊಂದಾಣಿಕೆ ಇರಲಿ ಅಂತ ಎಕ್ಸೆಲ್‌ನವರು ಬೇಕೆಂದೇ ಉಳಿಸಿಕೊಂಡರು, ಇವತ್ತಿಗೂ ಇದೆ. ಹೋಲಿಸಿದರೆ ನನ್ನ ಮೈನಸ್ ಸಾಲು ಚಿಕ್ಕ ಪಾಪ.

ತಿರುಗಿಸಿದ ಮೇಲೆ ಸರಿಯಾಯ್ತು ಅಂತ ಗೊತ್ತಾಗೋದು ಹೇಗೆ? ಬಿಲ್ ನಂಬರ್ ಇತ್ತಲ್ಲ. ನಂಬರ್ ಏರುತ್ತಾ ಹೋದ ಹಾಗೆ ದಿನಾಂಕವೂ ಏರಬೇಕು, ಹಿಂದೆ ಹೋಗಬಾರದು. ತಿರುಗಿಸೋ ಮುಂಚೆ ಆ ಗೆರೆ ಬಾಚಣಿಗೆ ಹಲ್ಲಿನ ಥರ ಮೇಲೆ ಕೆಳಗೆ ಕುಣಿಯುತ್ತಿತ್ತು, ಆಮೇಲೆ ನೆಟ್ಟಗಾಯಿತು. ಎರಡನೇ ತಾಳೆ ಭಾನುವಾರ. ಅಂಗಡಿ ಭಾನುವಾರ ಬಂದ್. ಮೇ 2ರ ಬಿಲ್ಲು ತಲೆಕೆಳಗಾಗಿ ಫೆಬ್ರವರಿ 5ಕ್ಕೆ ಹೋಗಿತ್ತು, 2023ರಲ್ಲಿ ಅದು ಭಾನುವಾರ. ಇಂಥವು ಒಂದೂ ಉಳಿಯಬಾರದು ಅಂತ ಒಂದು ಪರೀಕ್ಷೆ ಬರೆದಿಟ್ಟೆ.

ಆ ಭಾನುವಾರದ ಪರೀಕ್ಷೆಯೇ ಮುಂದಿನ ತಪ್ಪನ್ನೂ ಹಿಡಿಯಿತು, ಅದೂ ನನ್ನದೇ. ಅನುಮಾನ ಇದ್ದ ಸಾಲುಗಳನ್ನು ಗುಮಾಸ್ತರು ನೋಡಿ ಸರಿ ಮಾಡಲಿ ಅಂತ ಬ್ರೌಸರಿನಲ್ಲಿ ಒಂದು ಪುಟ ಮಾಡಿಕೊಟ್ಟಿದ್ದೆ. ಕ್ಯಾಲೆಂಡರ್ ಒತ್ತಿ ದಿನಾಂಕ ಆರಿಸೋದು. ಮರುದಿನ ನೋಡಿದರೆ ಅವರು ಸರಿ ಮಾಡಿದ ಸೋಮವಾರದ ಬಿಲ್ಲುಗಳೆಲ್ಲ ಭಾನುವಾರ ಆಗಿದ್ದವು. ಜುಲೈ 10 ಆರಿಸಿದ್ದು ಜುಲೈ 9 ಅಂತ ಸೇವ್ ಆಗಿತ್ತು. ಬ್ರೌಸರ್ ಪುಟಕ್ಕೆ ಬಳಸುವ ಭಾಷೆ ಜಾವಾಸ್ಕ್ರಿಪ್ಟು. ಅದರಲ್ಲಿ ಜುಲೈ 10 ಅಂದರೆ ನಮ್ಮ ಜುಲೈ 10ರ ಮಧ್ಯರಾತ್ರಿ. ಅದನ್ನು ಐಎಸ್ಒ ಅಕ್ಷರಕ್ಕೆ ಬದಲಿಸಿದರೆ ಗ್ರೀನ್‌ವಿಚ್ ಗಂಟೆಗೆ ಹೋಗುತ್ತದೆ. ಅಲ್ಲಿ ಇನ್ನೂ ಜುಲೈ 9ರ ಸಂಜೆ ಆರೂವರೆ. ನಾನು ಅದರ ಮೊದಲ ಹತ್ತು ಅಕ್ಷರ ಕತ್ತರಿಸಿ ದಿನಾಂಕ ಅಂತ ಇಟ್ಟುಕೊಂಡಿದ್ದೆ. ಲಂಡನ್ನಿನಲ್ಲಿ ಕೂತು ಚಳಿಗಾಲದಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಕಾಣೋದೇ ಇಲ್ಲ, ನಮಗೆ ಪ್ರತಿ ಸಲ ಒಂದು ದಿನ ಹೋಗುತ್ತದೆ. ಅಂಗಡಿ ಸೋಮವಾರವೂ ಬಂದ್ ಇದ್ದಿದ್ದರೆ ನನಗೂ ಕಾಣುತ್ತಿರಲಿಲ್ಲವೇನೋ. ಈಗ ಗಂಟೆಯ ಗೊಡವೆಯೇ ಬೇಡ ಅಂತ ವರ್ಷ, ತಿಂಗಳು, ದಿನ ಮೂರನ್ನೂ ಬೇರೆ ಬೇರೆ ತೆಗೆದು ಜೋಡಿಸುತ್ತೇನೆ. ಜಾವಾಸ್ಕ್ರಿಪ್ಟಿನಲ್ಲಿ ತಿಂಗಳು ಸೊನ್ನೆಯಿಂದ ಶುರುವಾಗುತ್ತದೆ, ಜುಲೈ ಅಂದರೆ 6. ಅದನ್ನು ಮರೆತು ಇನ್ನೊಂದು ಗಂಟೆ ಹಾಳು ಮಾಡಿಕೊಂಡೆ, ಬಿಡಿ.

ಕೈಬರಹದ ಪುಸ್ತಕ

ಇದೇ ಕಷ್ಟ ಆಗುತ್ತದೆ ಅಂದುಕೊಂಡಿದ್ದೆ, ಇದೇ ಸಲೀಸಾಯಿತು. ಹುಡುಗಿ ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಟೈಪ್ ಮಾಡಿದ್ದಳು, ತಾನಾಗಿ ಏನೂ ಬದಲಿಸಿರಲಿಲ್ಲ. ೬-೭-೨೩ ಅಂತ ಇದ್ದರೆ ೬-೭-೨೩. ಕನ್ನಡ ಅಂಕಿಯನ್ನು ಪೈಥಾನ್ ಬಿಡಿಯಾಗಿ ಕೊಟ್ಟರೆ ಓದುತ್ತದೆ, ೨೦೨೩ ಅಂದರೆ 2023 ಅಂತ ತಿಳಿಯುತ್ತದೆ. ಆದರೆ ಜಾವಾಸ್ಕ್ರಿಪ್ಟಿಗೆ ಅದು ಸಂಖ್ಯೆಯೇ ಅಲ್ಲ. ಮೊದಲೇ ಹತ್ತೂ ಅಂಕಿಗಳನ್ನು ಬದಲಿಸಿ, ಗುಮಾಸ್ತರು ಯಾವಾಗಲೂ ದಿನ ಮೊದಲು ಬರೆಯುತ್ತಾರೆ ಅನ್ನೋ ಒಂದೇ ನಿಯಮದ ಮೇಲೆ ಓದಿದೆ. ವರ್ಷ ಬರೆಯದೆ ‘6/7’ ಅಂತ ಬಿಟ್ಟಿದ್ದಕ್ಕೆ ಹಿಂದಿನ ಮುಂದಿನ ಸಾಲಿನ ವರ್ಷ. ‘ಯುಗಾದಿ ದಿನ’ ಅಂತ ಇದ್ದದ್ದಕ್ಕೆ ಒಂದು ಸಣ್ಣ ಪಟ್ಟಿ ಮಾಡಿಕೊಂಡೆ: 2022ರಲ್ಲಿ ಏಪ್ರಿಲ್ 2, 2023ರಲ್ಲಿ ಮಾರ್ಚ್ 22. ಹಬ್ಬದ ದಿನಾಂಕವನ್ನು ಲೆಕ್ಕ ಹಾಕಿ ತೆಗೆಯೋಕೆ ಹೋಗಲಿಲ್ಲ, ಪಂಚಾಂಗ ನೋಡಿ ಬರೆದೆ.

ಹಳೆ ಫಂಕ್ಷನ್ ಕಿತ್ತು ಹಾಕಿದೆ. ಈಗ ಬಿಲ್ಲಿಗೆ ಒಂದು, ಮೊಬೈಲಿಗೆ ಒಂದು, ಪುಸ್ತಕಕ್ಕೆ ಒಂದು, ಹೀಗೆ ಬೇರೆ ಬೇರೆ. ಪ್ರತಿಯೊಂದಕ್ಕೂ ಒಂದೇ ರೂಪ ಗೊತ್ತು. ಬೇರೆ ಏನೇ ಬಂದರೂ ಊಹೆ ಮಾಡಲ್ಲ, ‘ನನಗೆ ಗೊತ್ತಾಗಲಿಲ್ಲ’ ಅಂತ ಪಟ್ಟಿಗೆ ಹಾಕುತ್ತದೆ. ಇವತ್ತಿಗಿಂತ ಮುಂದಿನ ದಿನಾಂಕ ಬಂದರೂ ಅಷ್ಟೇ. ಮೂಲದಲ್ಲಿ ಏನು ಬರೆದಿತ್ತೋ ಅದನ್ನು ಒಂದು ಅಕ್ಷರ ಬದಲಿಸದೆ ಪಕ್ಕದ ಕಾಲಂನಲ್ಲಿ ಇಡುತ್ತೇನೆ. ಇದು ಜಾಗ ಜಾಸ್ತಿ ತಿನ್ನುತ್ತದೆ ಅಂತ ಯಾರೋ ಹೇಳಿದರು. ಹನ್ನೊಂದು ಸಾವಿರ ಸಾಲಿಗೆ ಎಷ್ಟು ತಿಂದೀತು? ಒಂದು ಫೋಟೋದಷ್ಟೂ ಇಲ್ಲ.

ಲೆಕ್ಕ ಸರಿಯಾದ ಮೇಲೆ ಇನ್ನೊಂದು ಪ್ರಶ್ನೆ ಬಂತು. ಜುಲೈ 6 ಜೂನ್ 7 ಆದರೆ ರೈತರಿಗೆ ನಷ್ಟ. ಆದರೆ ಜೂನ್ 7ರ ಬಿಲ್ಲು ಜುಲೈ 6ಕ್ಕೂ ಹೋಗಿತ್ತಲ್ಲ, ಅವರಿಗೆ ಬಡ್ಡಿ ಕಡಿಮೆ ಬಿದ್ದಿತ್ತು, ಕೆಲವರು ಆಗಲೇ ತೀರಿಸಿ ಹೋಗಿದ್ದರು. ಎರಡೂ ಪಟ್ಟಿ ತೆಗೆದು ಸಾಹುಕಾರ್ರ ಮುಂದಿಟ್ಟೆ. ಜಾಸ್ತಿ ಕೊಟ್ಟವರಿಗೆ ಮುಂದಿನ ಖಾತೆಯಲ್ಲಿ ಜಮಾ ಮಾಡೋಕೆ ಹೇಳಿದರು. ಕಡಿಮೆ ಕೊಟ್ಟವರ ಪಟ್ಟಿಯನ್ನು ಎರಡು ಸಲ ಓದಿ, ಮಡಚಿ ಗಲ್ಲಾಪೆಟ್ಟಿಗೆ ಕೆಳಗೆ ಇಟ್ಟರು. “ನಮ್ಮ ಲೆಕ್ಕ ತಪ್ಪಿ ಅವರು ತೀರಿಸಿ ಹೋಗ್ಯಾರ. ಈಗ ಹೋಗಿ ಕೇಳಿದ್ರೆ ಮುಂದಿನ ವರ್ಷ ಪಕ್ಕದ ಅಂಗಡೀಗೆ ಹೋಗ್ತಾರೆ ಬಿಡಪಾ” ಅಂದರು. ನನ್ನ ಬಿಲ್ಲಿನಲ್ಲಿ ಅದನ್ನು ಹಿಡಿಯುತ್ತಾರೇನೋ ಅಂತ ಭಯ ಇತ್ತು. ಹಿಡಿಯಲಿಲ್ಲ, ಆದರೆ ಆ ಮೂರು ವಾರಕ್ಕೆ ನಾನೂ ದುಡ್ಡು ಕೇಳಲಿಲ್ಲ.

‘ಗೊತ್ತಾಗಲಿಲ್ಲ’ ಪಟ್ಟಿಯಲ್ಲಿ ಮೊದಲು ಇನ್ನೂರರ ಮೇಲಿದ್ದವು. ಗುಮಾಸ್ತರು ಚೀಟಿ ಹುಡುಕಿ, ಫೋನ್ ಮಾಡಿ, ಒಂದೊಂದೇ ಬಿಡಿಸುತ್ತಾ ಬಂದರು. ಕೊನೆಗೆ ಒಂದು ಸಾಲು ಉಳಿದಿದೆ. ಉದ್ರಿ ಪುಸ್ತಕದಲ್ಲಿ 2023ರ ಪುಟದಲ್ಲಿ ‘ಶ್ರಾವಣ ಎರಡನೇ ಸೋಮವಾರ, 5,000 ಜಮಾ’ ಅಂತ ಇದೆ. ಆ ವರ್ಷ ಅಧಿಕ ಮಾಸ ಬಂದು ಎರಡು ಶ್ರಾವಣ ಇದ್ದವು. ಜುಲೈ 18ರಿಂದ ಅಧಿಕ ಶ್ರಾವಣ, ಆಗಸ್ಟ್ 17ರಿಂದ ನಿಜ ಶ್ರಾವಣ. ಅಂದರೆ ಜುಲೈ 31 ಇರಬಹುದು, ಆಗಸ್ಟ್ 28 ಇರಬಹುದು. ಜನ ಶ್ರಾವಣ ಸೋಮವಾರ ಅಂದರೆ ನಿಜ ಶ್ರಾವಣದ್ದೇ ಅಂತ ನಾನು ವಾದ ಮಾಡಿದೆ. ಗುಮಾಸ್ತರು ಕನ್ನಡಕ ತೆಗೆದು ಆ ಸಾಲನ್ನು ಇನ್ನೊಮ್ಮೆ ನೋಡಿದರು. “ಬರದವನು ನಾನೇ. ಯಾವುದು ಅಂತ ನಂಗೇ ನೆಪ್ಪಿಲ್ಲ. ಅವರು ಬರಲಿ, ಕೇಳೋಣ.”

ದಿನಾಂಕದ ಕಾಲಂ ಖಾಲಿ ಇದೆ, ಪಕ್ಕದಲ್ಲಿ ಅವರು ಬರೆದದ್ದು ಹಾಗೇ ಇದೆ. ಆ ರೈತರು ಇನ್ನೂ ಬಂದಿಲ್ಲ.